ಬಾಯಿ ಕ್ಯಾನ್ಸರ್: ಪರದೇಶದ ಆಸ್ಪತ್ರೆಯಲ್ಲಿ ಇರುವುದೇನು?

ಮಧುಗಿರಿಯ ಬಸ್ ನಿಲ್ದಾಣವಿರಲಿ, ಶಿರಾದ ಹೆದ್ದಾರಿ ಬದಿಯ ಟೀ ಅಂಗಡಿಯಿರಲಿ, ಕೊರಟಗೆರೆಯ ಸಂತೆಬೀದಿಯಿರಲಿ, ಪಾವಗಡದ ಗಡಿಗ್ರಾಮದ ಪೆಟ್ಟಿಗೆ ಅಂಗಡಿಯಿರಲಿ, ಕಣ್ಣಿಗೆ ಬೀಳುವ ನೋಟ ಒಂದೇ. ಬಿಸ್ಕತ್ತಿನ ಡಬ್ಬಿಗಳ ಮೇಲೆ ಮಿಂಚುವ ಚಿಕ್ಕ ಪೊಟ್ಟಣಗಳ ಸರಗಳು ತೂಗುತ್ತಿರುತ್ತವೆ. ಒಂದು ಸರ ಪಾನ್ ಮಸಾಲೆಯದು, ಪಕ್ಕದ್ದು ತಂಬಾಕಿನದು. ಕರ್ನಾಟಕದಲ್ಲಿ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧವಾದ ಮೇಲೆ ಒಂದೇ ಪೊಟ್ಟಣದಲ್ಲಿದ್ದ ಮಾಲು ಎರಡು ಪೊಟ್ಟಣಗಳಾಗಿ ಬೇರ್ಪಟ್ಟಿತು. ಕೊಳ್ಳುವವನು ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾನೆ. ನಿಷೇಧವೂ ಇದೆ, ಗುಟ್ಕಾವೂ ಇದೆ!

ಇದರ ಫಲ ಕಾಣಿಸಿಕೊಳ್ಳಲು ವರ್ಷಗಳು ಬೇಕು. ಕಾಣಿಸಿಕೊಂಡ ದಿನ ಮನೆಯವರೆಲ್ಲ ಕಂಗಾಲಾಗುತ್ತಾರೆ. ಹೊಲ ಮಾರಿಯಾದರೂ ಒಳ್ಳೆಯ ಆಸ್ಪತ್ರೆಗೆ ಸೇರಿಸೋಣ ಎನ್ನುವವರೊಬ್ಬರು. ವಿದೇಶದಲ್ಲಿ ಕೆಲಸದಲ್ಲಿರುವ ಮಗನಿಗೋ ಅಳಿಯನಿಗೋ ಫೋನು ಮಾಡಿ ‘ಅಮೆರಿಕದಲ್ಲಿ ಇದಕ್ಕೆ ಔಷಧಿ ಇದೆಯಂತಲ್ಲ?’ ಎಂದು ಕೇಳುವವರು ಇನ್ನೊಬ್ಬರು. ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೆ ಸಿಗುವ ಉತ್ತರ ಮಾತ್ರ ಬಹುಮಂದಿ ನಿರೀಕ್ಷಿಸುವಂಥದ್ದಲ್ಲ. ಬಾಯಿ ಕ್ಯಾನ್ಸರಿನ ವಿಷಯದಲ್ಲಿ ಪರದೇಶದ ಆಸ್ಪತ್ರೆಗಳಿಗೂ ಇಲ್ಲಿನ ಒಳ್ಳೆಯ ಆಸ್ಪತ್ರೆಗಳಿಗೂ ಇರುವ ದೊಡ್ಡ ವ್ಯತ್ಯಾಸ ಯಂತ್ರದಲ್ಲಿಲ್ಲ, ಮದ್ದಿನಲ್ಲಿಯೂ ಇಲ್ಲ. ರೋಗಿ ವೈದ್ಯರ ಮುಂದೆ ಬಾಯಿ ತೆರೆಯುವ ದಿನದಲ್ಲಿದೆ.

ಲೆಕ್ಕವನ್ನೊಮ್ಮೆ ನೋಡಿ. 2022ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು 3 ಲಕ್ಷ 90 ಸಾವಿರ ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಬಂದಿತೆಂದು ಅಂದಾಜು. ಅವರಲ್ಲಿ ಸುಮಾರು 1 ಲಕ್ಷ 44 ಸಾವಿರ ಮಂದಿ ಭಾರತದವರು. ಅದೇ ವರ್ಷ ಈ ದೇಶದಲ್ಲಿ ಇದರಿಂದ ಸತ್ತವರು ಸುಮಾರು 80 ಸಾವಿರ. ಭಾರತದ ಈ ರೋಗಿಗಳಲ್ಲಿ 83 ಸಾವಿರಕ್ಕೂ ಹೆಚ್ಚು ಮಂದಿಯ ಕಾಯಿಲೆಗೆ ಜಗಿಯುವ ತಂಬಾಕು ಇಲ್ಲವೇ ಅಡಿಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದರು. ಎಂದರೆ, ಬಾರದಂತೆ ತಡೆಯಬಹುದಾಗಿದ್ದ ಕಾಯಿಲೆ ಇದು.

ಪರದೇಶದವರು ಕಂಡ ನಮ್ಮ ಕಾಯಿಲೆ

ಬಾಯಿ ಕ್ಯಾನ್ಸರಿನ ಪಾಠವನ್ನು ವಿದೇಶದ ವೈದ್ಯರು ಕಲಿತದ್ದೇ ಬಹುಪಾಲು ಭಾರತೀಯರ ಬಾಯಿ ನೋಡಿ ಎಂದರೆ ಆಶ್ಚರ್ಯವಾದೀತು. ಇಂದು ಕನ್ಯಾಕುಮಾರಿ ಜಿಲ್ಲೆಗೆ ಸೇರಿರುವ ನೆಯ್ಯೂರು ಹಿಂದೆ ತಿರುವಾಂಕೂರು ಸಂಸ್ಥಾನದಲ್ಲಿತ್ತು. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿದ್ದ ಡಾ. ಓರ್ 1933ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಜಗಿಯುವವರಲ್ಲಿ ಬಾಯಿ ಕ್ಯಾನ್ಸರ್ ಬರುವ ಬಗೆಯನ್ನು ಅವರು ಅದರಲ್ಲಿ ವಿವರಿಸಿದ್ದರು.

1952ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಆಫ್ರಿಕದ ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರ ಬಾಯಿಯ ಒಳಪದರ ಬಿಳಿಚಿ, ಗಡುಸಾಗಿ, ಬಾಯಿ ತೆರೆಯಲು ಕಷ್ಟವಾಗುತ್ತಿದ್ದುದನ್ನು ಶ್ವಾರ್ಟ್ಸ್ ಎಂಬ ವೈದ್ಯರು ವರದಿ ಮಾಡಿದರು. ಈ ಕಾಯಿಲೆಗೆ ಮುಂದೆ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂಬ ಹೆಸರಾಯಿತು. ಕೆನ್ನೆಯ ಒಳಗೆ ನಾರು ಕಟ್ಟಿಕೊಂಡು ಬಾಯಿ ಬಿಗಿಯುವ ಈ ಸ್ಥಿತಿ ಕ್ಯಾನ್ಸರಿಗೆ ಮುನ್ಸೂಚನೆ. ಇದರ ಮುಖ್ಯ ಕಾರಣ ಅಡಿಕೆ. ಗುಟ್ಕಾ, ಪಾನ್ ಮಸಾಲೆ ಬಂದ ಮೇಲೆ ಇದು ಚಿಕ್ಕ ಪ್ರಾಯದವರಲ್ಲೂ ಕಾಣಿಸತೊಡಗಿತು.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. 1982ರಿಂದ ಬೆಂಗಳೂರು ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ಶುರುವಾಯಿತು. ಆ ನೋಂದಣಿಯ ಮೊದಲ ವರ್ಷಗಳಲ್ಲಿ ಕಂಡ ವಿಶೇಷವೆಂದರೆ ಬಾಯಿ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚಾಗಿತ್ತು! 348 ರೋಗಿಗಳನ್ನು ಆರೋಗ್ಯವಂತರೊಡನೆ ಹೋಲಿಸಿದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಹೊಗೆಸೊಪ್ಪಿನೊಡನೆ ಎಲೆಅಡಿಕೆ ಜಗಿಯುವ ಹೆಂಗಸರಿಗೆ ಬಾಯಿ ಕ್ಯಾನ್ಸರಿನ ಅಪಾಯ ಜಗಿಯದವರಿಗಿಂತ ಸುಮಾರು 25 ಪಟ್ಟು ಹೆಚ್ಚೆಂದು ಅದು ತಿಳಿಸಿತು. ಹೊಗೆಸೊಪ್ಪನ್ನು ದವಡೆಗೆ ಒತ್ತಿಕೊಂಡೇ ನಿದ್ದೆ ಹೋಗುವ ಅಭ್ಯಾಸ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದನ್ನೂ ಅದು ಗುರುತಿಸಿತು. ಬೀಡಿ ಸಿಗರೇಟು ಮುಟ್ಟದ ಅಜ್ಜಿಗೆ ಕ್ಯಾನ್ಸರ್ ಹೇಗೆ ಬಂತು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಅಲ್ಲಿ ಹೇಗೆ ಪತ್ತೆ ಹಚ್ಚುತ್ತಾರೆ?

ಪರದೇಶದ ಆಸ್ಪತ್ರೆ ಎಂದರೆ ದೊಡ್ಡ ದೊಡ್ಡ ಯಂತ್ರಗಳ ಚಿತ್ರ ಕಣ್ಣ ಮುಂದೆ ಬರುತ್ತದೆ. ಆದರೆ ಅಲ್ಲಿ ಬಾಯಿ ಕ್ಯಾನ್ಸರನ್ನು ಮೊದಲು ಗುರುತಿಸುವವರು ಅನೇಕ ವೇಳೆ ಮಾಮೂಲಿ ದಂತವೈದ್ಯರು. ಹಲ್ಲು ನೋಯದಿದ್ದರೂ ಆಗಾಗ ದಂತವೈದ್ಯರ ಬಳಿಗೆ ಹೋಗಿ ತಪಾಸಣೆ ಮಾಡಿಸಿಕೊಳ್ಳುವ ರೂಢಿ ಅಲ್ಲಿ ಅನೇಕರಿಗಿದೆ. ಹಲ್ಲು ನೋಡುವಾಗಲೇ ವೈದ್ಯರು ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಪಕ್ಕ ನೋಡುತ್ತಾರೆ, ಕೆನ್ನೆಯ ಒಳಭಾಗ ನೋಡುತ್ತಾರೆ, ಕುತ್ತಿಗೆಯನ್ನು ಬೆರಳಿನಿಂದ ಒತ್ತಿ ಗಂಟಿದೆಯೇ ಎಂದು ಪರೀಕ್ಷಿಸುತ್ತಾರೆ. ಇದಕ್ಕೆ ಬೇಕಾದದ್ದು ಬೆಳಕು, ಕನ್ನಡಿ ಮತ್ತು ಕೈ.

ಇಂಗ್ಲೆಂಡಿನಲ್ಲಿ ವೈದ್ಯರಿಗೆ ಒಂದು ಸೂತ್ರ ಕೊಟ್ಟಿದ್ದಾರೆ. ಕಾರಣ ತಿಳಿಯದ ಬಾಯಿಹುಣ್ಣು ಮೂರು ವಾರ ದಾಟಿದರೆ ಆ ರೋಗಿಯನ್ನು ಕ್ಯಾನ್ಸರ್ ಶಂಕೆಯ ಮೇಲೆ ತಜ್ಞರ ಬಳಿಗೆ ಕಳಿಸುವುದನ್ನು ಪರಿಗಣಿಸಬೇಕು. ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಇಟ್ಟುಕೊಂಡಿರುವ ಗುರಿ ಇನ್ನೂ ಕಟ್ಟುನಿಟ್ಟಾದದ್ದು. ಹೀಗೆ ಕಳಿಸಿದ 28 ದಿನಗಳೊಳಗೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ರೋಗಿಗೆ ತಿಳಿಸಬೇಕು. ಗುರಿ ಪ್ರತಿಸಲವೂ ಈಡೇರುತ್ತದೆ ಎಂದಲ್ಲ. ಆದರೆ ದಿನ ಎಣಿಸುವ ಪದ್ಧತಿಯೊಂದಿದೆ ಎಂಬುದು ಮುಖ್ಯ.

ಇನ್ನು ಯಂತ್ರಗಳ ವಿಷಯ. ವಿಶೇಷ ನೀಲಿ ಬೆಳಕು ಬಿಟ್ಟು ಬಾಯಿಯೊಳಗಿನ ಕೆಟ್ಟ ಭಾಗವನ್ನು ಕಪ್ಪಾಗಿ ತೋರಿಸುವ ಉಪಕರಣಗಳಿವೆ. ಹುಣ್ಣಿನ ಮೇಲೆ ಹಚ್ಚುವ ನೀಲಿ ಬಣ್ಣವಿದೆ. ಜೊಲ್ಲನ್ನು ಪರೀಕ್ಷಿಸುವ ವಿಧಾನಗಳಿವೆ. ಇವುಗಳನ್ನೆಲ್ಲ ತೂಗಿ ನೋಡಿದ ಅಮೆರಿಕದ ದಂತವೈದ್ಯರ ಸಂಘದ ತಜ್ಞರು 2017ರಲ್ಲಿ ಕೊಟ್ಟ ಸಲಹೆ ಸರಳವಾಗಿತ್ತು. ಅನುಮಾನದ ಹುಣ್ಣೋ ಮಚ್ಚೆಯೋ ಕಂಡರೆ ಇವು ಯಾವುವೂ ಬಯಾಪ್ಸಿಗೆ ಬದಲಾಗಲಾರವು.

ಬಯಾಪ್ಸಿ ಎಂದರೆ ಆ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅಕ್ಕಿಕಾಳಿನಷ್ಟು ತುಣುಕನ್ನು ತೆಗೆದು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡುವುದು. ‘ಕತ್ತರಿ ತಗುಲಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ’ ಎಂಬ ಭಯ ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಇದು ಬರೀ ಭಯ. ಬಯಾಪ್ಸಿ ಮಾಡಿಸದೆ ಕಳೆದ ತಿಂಗಳುಗಳಲ್ಲೇ ಕ್ಯಾನ್ಸರ್ ಹರಡುತ್ತದೆ. ನ್ಯೂಯಾರ್ಕಿನಲ್ಲಾದರೂ ಅಷ್ಟೇ, ಬೆಂಗಳೂರಿನಲ್ಲಾದರೂ ಅಷ್ಟೇ, ರೋಗ ಖಚಿತವಾಗುವುದು ಈ ತುಣುಕಿನಿಂದಲೇ. ಆಮೇಲೆ ಸಿ.ಟಿ. ಸ್ಕ್ಯಾನ್, ಎಂ.ಆರ್.ಐ., ಬೇಕಾದರೆ ಪೆಟ್ ಸ್ಕ್ಯಾನ್ ಮಾಡಿ ಗಂಟು ಎಷ್ಟು ಆಳಕ್ಕೆ ಇಳಿದಿದೆ, ದವಡೆಯ ಮೂಳೆಗೆ ತಗುಲಿದೆಯೇ, ಕುತ್ತಿಗೆಯ ಗ್ರಂಥಿಗಳಿಗೆ ಹೋಗಿದೆಯೇ ಎಂಬುದನ್ನು ಅಳೆದು ಹಂತವನ್ನು ನಿರ್ಧರಿಸುತ್ತಾರೆ.

ಆ ಹಂತದ ಮೇಲೆಯೇ ಎಲ್ಲವೂ ನಿಂತಿದೆ. ಅಮೆರಿಕದ ಲೆಕ್ಕದಂತೆ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಹುಟ್ಟಿದ ಜಾಗದಲ್ಲೇ ಇರುವಾಗ ಸಿಕ್ಕಿಬಿದ್ದರೆ 100ಕ್ಕೆ 85ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕರೆ ಆ ಸಂಖ್ಯೆ 40ರ ಆಸುಪಾಸಿಗೆ ಇಳಿಯುತ್ತದೆ. ವೈದ್ಯರು ಅವರೇ, ಆಸ್ಪತ್ರೆಯೂ ಅದೇ, ದೇಶವೂ ಅದೇ. ಬದಲಾದದ್ದು ದಿನ ಮಾತ್ರ. ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ಆಸ್ಪತ್ರೆ ಮುಟ್ಟುವುದೇ ಕಾಯಿಲೆ ಮುಂದುವರಿದ ಮೇಲೆ.

ಚಿಕಿತ್ಸೆ: ಅತ್ತಿಂದಿತ್ತ, ಇತ್ತಿಂದತ್ತ

ಬಾಯಿ ಕ್ಯಾನ್ಸರಿಗೆ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆ. ಗಂಟನ್ನು ಅದರ ಸುತ್ತ ಒಂದಿಷ್ಟು ಆರೋಗ್ಯವಂತ ಅಂಚಿನೊಡನೆ ತೆಗೆಯುತ್ತಾರೆ. ಕ್ಯಾನ್ಸರ್ ಮೊದಲು ಹೋಗಿ ಸೇರುವುದು ಕುತ್ತಿಗೆಯ ಗ್ರಂಥಿಗಳಿಗಾದ್ದರಿಂದ ಅವನ್ನೂ ತೆಗೆಯುವ ಕ್ರಮ ಬೆಳೆಯಿತು. ಇದಕ್ಕೆ ವ್ಯವಸ್ಥಿತ ರೂಪ ಕೊಟ್ಟವರು ಅಮೆರಿಕದ ಕ್ಲೀವ್‌ಲ್ಯಾಂಡಿನ ಜಾರ್ಜ್ ಕ್ರೈಲ್, 1906ರಲ್ಲಿ.

ಆದರೆ ತೆಗೆದ ಜಾಗವನ್ನು ತುಂಬುವುದು ಹೇಗೆ? ಕೆನ್ನೆಯೇ ಇಲ್ಲದೆ ಉಣ್ಣುವುದು ಹೇಗೆ? 1979ರಲ್ಲಿ ಅಮೆರಿಕದ ಸ್ಟೀಫನ್ ಆರಿಯನ್ ಎದೆಯ ಸ್ನಾಯುವನ್ನು ಅದರ ರಕ್ತನಾಳದ ಸಮೇತ ಮೇಲಕ್ಕೆ ತಿರುಗಿಸಿ ಬಾಯಿಯ ಕುಳಿ ತುಂಬುವ ವಿಧಾನ ತೋರಿಸಿದರು. ಭಾರತದ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಈ ವಿಧಾನ ಬಲು ಬೇಗ ಮನೆಮಾತಾಯಿತು. ಕಡಿಮೆ ಸಮಯ, ಕಡಿಮೆ ಖರ್ಚು, ಗಟ್ಟಿ ಫಲ. 1989ರಲ್ಲಿ ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ಮೊಣಕಾಲಿನ ಕೆಳಗಿನ ಸಣ್ಣ ಎಲುಬನ್ನು ತೆಗೆದು ದವಡೆಯ ಆಕಾರಕ್ಕೆ ಜೋಡಿಸಿದರು. ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ಸಹಾಯದಿಂದ ಹೊಲಿಯುವ ಈ ಕುಶಲ ಕೆಲಸವೂ ಇಂದು ಬೆಂಗಳೂರಿನಲ್ಲಿ ನಡೆಯುತ್ತದೆ.

ವಿದ್ಯೆ ಅತ್ತಿಂದ ಇತ್ತ ಮಾತ್ರ ಬಂದಿಲ್ಲ. ಬಾಯಿಯ ಕ್ಯಾನ್ಸರ್ ಚಿಕ್ಕದಿದ್ದು ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗದಿದ್ದಾಗ ಗ್ರಂಥಿಗಳನ್ನು ಆಗಲೇ ತೆಗೆಯಬೇಕೋ, ಗಂಟು ಕಂಡಮೇಲೆ ತೆಗೆದರೆ ಸಾಕೋ ಎಂಬುದು ಜಗತ್ತಿನ ವೈದ್ಯರಿಗೆ ದಶಕಗಳ ತಕರಾರು. ಅದನ್ನು ಬಗೆಹರಿಸಿದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 500 ರೋಗಿಗಳ ಫಲಿತಾಂಶವನ್ನು 2015ರಲ್ಲಿ ಶಿಕಾಗೋದ ಸಮ್ಮೇಳನದಲ್ಲಿ ಮಂಡಿಸಿದರು. ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು 100ಕ್ಕೆ 80. ಕಾದು ನೋಡಿದವರಲ್ಲಿ 67.5. ಇಂದು ಅಮೆರಿಕದ ವೈದ್ಯರು ತಮ್ಮ ರೋಗಿಗೆ ಸಲಹೆ ಕೊಡುವಾಗ ನೆಚ್ಚಿಕೊಳ್ಳುವ ದೊಡ್ಡ ಆಧಾರಗಳಲ್ಲಿ ಈ ಮುಂಬಯಿಯ ಲೆಕ್ಕವೂ ಒಂದು.

ಶಸ್ತ್ರಕ್ರಿಯೆಯ ನಂತರ ಅಗತ್ಯವಿದ್ದವರಿಗೆ ವಿಕಿರಣ ಚಿಕಿತ್ಸೆ, ಕೆಲವರಿಗೆ ಅದರ ಜೊತೆ ಸಿಸ್‌ಪ್ಲಾಟಿನ್ ಎಂಬ ಔಷಧಿ. ಈಚೆಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಹರಿಹಾಯುವಂತೆ ಮಾಡುವ ಮದ್ದುಗಳು ಬಂದಿವೆ. ಅವುಗಳ ಬೆಲೆ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ. ಇಲ್ಲಿಯೂ ಟಾಟಾ ಆಸ್ಪತ್ರೆಯವರು ಹೊಸ ದಾರಿ ಹುಡುಕಿದರು. ನಿವೊಲುಮ್ಯಾಬ್ ಎಂಬ ಮದ್ದನ್ನು ಮಾಮೂಲಿ ಪ್ರಮಾಣದ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ, ಬರೀ 20 ಮಿಲಿಗ್ರಾಂ, ಕೊಟ್ಟು ನೋಡಿದರು. ವಾಸಿಮಾಡಲಾಗದ ಹಂತದ ತಲೆ-ಕುತ್ತಿಗೆ ಕ್ಯಾನ್ಸರಿನ ರೋಗಿಗಳಲ್ಲಿ ಒಂದು ವರ್ಷ ಬದುಕಿದವರ ಪ್ರಮಾಣ 100ಕ್ಕೆ 16ರಿಂದ 43ಕ್ಕೆ ಏರಿತೆಂದು 2023ರಲ್ಲಿ ಪ್ರಕಟವಾಯಿತು.

ಹಾಗಾದರೆ ಪರದೇಶದಲ್ಲಿ ಹೆಚ್ಚಿನದು ಏನೂ ಇಲ್ಲವೇ? ಇದೆ. ಶಸ್ತ್ರವೈದ್ಯರು, ವಿಕಿರಣ ತಜ್ಞರು, ದಂತವೈದ್ಯರು, ನುಂಗುವುದನ್ನೂ ಮಾತನ್ನೂ ಮತ್ತೆ ಕಲಿಸುವ ತಜ್ಞರು, ಆಹಾರ ತಜ್ಞರು ಒಂದೇ ಮೇಜಿನ ಸುತ್ತ ಕುಳಿತು ಒಬ್ಬೊಬ್ಬ ರೋಗಿಯ ವಿಚಾರ ಚರ್ಚಿಸುವ ಪದ್ಧತಿ ಅಲ್ಲಿನ ಒಳ್ಳೆಯ ಆಸ್ಪತ್ರೆಗಳಲ್ಲಿ ನೆಲೆಗೊಂಡಿದೆ. ಚಿಕಿತ್ಸೆ ಮುಗಿದ ಮೇಲೂ ವರ್ಷಗಟ್ಟಲೆ ರೋಗಿಯ ಬೆನ್ನು ಬಿಡುವುದಿಲ್ಲ. ಇಲ್ಲಿನ ದೊಡ್ಡ ಸಂಸ್ಥೆಗಳಲ್ಲೂ ಈ ಕ್ರಮವಿದೆ. ಆದರೆ ಊರಿಗೆ ಮರಳಿದ ರೋಗಿ ಮತ್ತೆ ತಪಾಸಣೆಗೆ ಬಾರದೆ ಉಳಿಯುವುದು ಸಾಮಾನ್ಯ.

ಟಾರ್ಚು ಕಲಿಸಿದ ಪಾಠ

ಅಲ್ಲಿಯಂತೆ ಮೂಲೆಮೂಲೆಗೂ ದಂತವೈದ್ಯರಿಲ್ಲದ ನಾಡಿನಲ್ಲಿ ಬಾಯಿ ನೋಡುವವರು ಯಾರು? ಕೇರಳ ಇದಕ್ಕೆ ಉತ್ತರ ಕೊಟ್ಟಿದೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೂ ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ಸೇರಿ 1996ರಲ್ಲಿ ಒಂದು ಪ್ರಯೋಗ ಆರಂಭಿಸಿದವು. 13 ಪಂಚಾಯಿತಿಗಳ 1 ಲಕ್ಷ 90 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಏಳು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಬೆಳಕು ಹಿಡಿದು ಬಾಯಿ ನೋಡಿದರು. ಅನುಮಾನ ಬಂದವರನ್ನು ವೈದ್ಯರ ಬಳಿಗೆ ಕಳಿಸಿದರು. ಉಳಿದ ಆರರಲ್ಲಿ ಎಂದಿನಂತೆ ಬಿಟ್ಟರು. 2005ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶದ ಪ್ರಕಾರ ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಯಿತು. ಕೋಟಿ ರೂಪಾಯಿಯ ಯಂತ್ರವಿಲ್ಲ. ಟಾರ್ಚು ಮತ್ತು ಕಲಿತ ಕಣ್ಣು.

ಕರ್ನಾಟಕದಲ್ಲೂ ಇಂಥ ಕೆಲಸ ನಡೆದಿದೆ. ತುಮಕೂರಿಗೆ ನೆರೆಯಂತಿರುವ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಕಿದ್ವಾಯಿ ಸಂಸ್ಥೆ ತಂಬಾಕಿನ ವಿರುದ್ಧ ತಿಳಿವಳಿಕೆ ನೀಡಿ ಫಲಿತಾಂಶ ಅಳೆಯಿತು. ಹೇಳಿದರೆ ಜನ ಬಿಡುತ್ತಾರೆ, ಅದರಲ್ಲೂ ಹೆಂಗಸರಲ್ಲಿ ತಂಬಾಕಿನ ಬಳಕೆ ಹೆಚ್ಚು ಇಳಿಯಿತು ಎಂದು 1995ರಲ್ಲಿ ಪ್ರಕಟವಾದ ಆ ಅಧ್ಯಯನ ತಿಳಿಸಿತು. ಬೆಂಗಳೂರಿನ ಕೆ.ಎಲ್.ಇ. ದಂತ ವೈದ್ಯಕೀಯ ಕಾಲೇಜು, ಮಜುಂದಾರ್ ಶಾ ಆಸ್ಪತ್ರೆಗಳ ವೈದ್ಯರು ಅಮೆರಿಕದ ಅರಿಜೋನಾ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳವರೊಡನೆ ಸೇರಿ ಮೊಬೈಲ್ ಫೋನಿಗೆ ಜೋಡಿಸುವ ಒಂದು ಉಪಕರಣವನ್ನು ರೂಪಿಸಿದರು. ಹಳ್ಳಿಯಲ್ಲಿ ತೆಗೆದ ಬಾಯಿಯ ಚಿತ್ರವನ್ನು ದೂರದ ತಜ್ಞರು ನೋಡಬಹುದು, ಕಂಪ್ಯೂಟರ್ ಕೂಡ ವಿಂಗಡಿಸಬಹುದು. ಇದರ ವಿವರ 2018ರಲ್ಲಿ ಪ್ರಕಟವಾಗಿದೆ. ಪರದೇಶದ ಪ್ರಯೋಗಾಲಯ ಹುಡುಕುತ್ತಿರುವುದೂ ಹಳ್ಳಿಯ ಬಾಯಿಯನ್ನು ಬೇಗ ನೋಡುವ ಉಪಾಯವನ್ನೇ!

ನಾಲ್ಕು ತಾಲ್ಲೂಕಿನ ದಾರಿ

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಈ ನಾಲ್ಕೂ ತಾಲ್ಲೂಕುಗಳಲ್ಲಿ ತಡವಾಗುವುದಕ್ಕೆ ಕಾರಣಗಳು ಹಲವು. ಮೊದಲನೆಯದು, ಶುರುವಿನಲ್ಲಿ ನೋವಿರುವುದಿಲ್ಲ. ನೋಯದ ಹುಣ್ಣಿಗೆ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವವರಾರು? ಎರಡನೆಯದು ನಾಟಿ ಔಷಧಿ. ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟ ಕೊರಟಗೆರೆ ತಾಲ್ಲೂಕಿನಲ್ಲೇ ಇದೆ. ಸೊಪ್ಪು ಬೇರುಗಳ ಮೇಲೆ ಜನರಿಗಿರುವ ನಂಬಿಕೆಯನ್ನು ಹಳಿಯಬೇಕಿಲ್ಲ. ಆದರೆ ಕ್ಯಾನ್ಸರ್ ಹುಣ್ಣಿಗೆ ಲೇಪ ಹಚ್ಚುತ್ತ ಕಳೆದ ಮೂರು ತಿಂಗಳನ್ನು ಯಾವ ಆಸ್ಪತ್ರೆಯೂ ಹಿಂದಕ್ಕೆ ತಂದುಕೊಡಲಾರದು.

ಮೂರನೆಯದು ದೂರ. ಪಾವಗಡದಿಂದ ಜಿಲ್ಲಾಕೇಂದ್ರ ತುಮಕೂರಿಗೇ ಸುಮಾರು 100 ಕಿ.ಮೀ. ಅಲ್ಲಿಂದ ಬೆಂಗಳೂರಿಗೆ ಇನ್ನೂ 70. ಶಸ್ತ್ರಕ್ರಿಯೆಯಾದರೆ ಒಂದು ಸಲ ಹೋಗಿ ಬರಬಹುದು. ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ. ರೋಗಿಯ ಜೊತೆಗೆ ಒಬ್ಬರು ಅಷ್ಟೂ ದಿನ ಊರು ಬಿಟ್ಟಿರಬೇಕು. ಕೂಲಿ ಹೋಯಿತು, ಹೊಲದ ಕೆಲಸ ಹೋಯಿತು, ಪಟ್ಟಣದ ಊಟ-ವಸತಿಯ ಖರ್ಚು ಬೇರೆ. ಎಷ್ಟೋ ಜನ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಬರುವುದು ಈ ಕಾರಣಕ್ಕೆ. ಬೇಗ ಪತ್ತೆಯಾದ ಚಿಕ್ಕ ಗಂಟಿಗೆ ಅನೇಕ ವೇಳೆ ಶಸ್ತ್ರಕ್ರಿಯೆಯೊಂದೇ ಸಾಕಾಗುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಬೇಗ ನೋಡಿಸಿದರೆ ಉಳಿಯುವುದು ಜೀವವಷ್ಟೇ ಅಲ್ಲ, ಹೊಲವೂ ಉಳಿಯುತ್ತದೆ.

ಪಾವಗಡದ ಕಡೆಯವರಿಗೆ ಇನ್ನೊಂದು ಮಾತು. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳಾಗುವುದು ಅದರಿಂದ. ಅದು ಕ್ಯಾನ್ಸರ್ ಅಲ್ಲ, ಹೆದರಬೇಕಿಲ್ಲ. ಹಲ್ಲಿನ ಕಲೆ ಬೇರೆ, ಕೆನ್ನೆ-ನಾಲಿಗೆಗಳ ಮಚ್ಚೆ ಬೇರೆ. ನೋಡಬೇಕಾದದ್ದು ಎರಡನೆಯದನ್ನು.

ಹತ್ತಿರದಲ್ಲಿರುವ ಅನುಕೂಲಗಳನ್ನೂ ಮರೆಯಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯರ ವಿಭಾಗವಿದೆ. ತುಮಕೂರಿನಲ್ಲಿ ದಂತ ವೈದ್ಯಕೀಯ ಕಾಲೇಜಿದೆ. 30 ವರ್ಷ ದಾಟಿದ ಎಲ್ಲರ ಬಾಯಿಯನ್ನೂ ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಪ್ರಶ್ನೆಪಟ್ಟಿಯಲ್ಲಿ ತಂಬಾಕಿನ ಅಭ್ಯಾಸ, ವಾಸಿಯಾಗದ ಬಾಯಿಹುಣ್ಣು, ಬಾಯಿ ತೆರೆಯಲು ತೊಂದರೆ ಇವೆಲ್ಲ ಸೇರಿವೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯಲ್ಲೂ ಬಾಯಿ ಕ್ಯಾನ್ಸರ್ ತಪಾಸಣೆ ಸೇರಿದೆ. ‘ನಮಗೇನೂ ಇಲ್ಲ ಹೋಗಮ್ಮ’ ಎಂದು ಆಕೆಯನ್ನು ಬಾಗಿಲಿಂದಲೇ ಸಾಗಹಾಕಬಾರದು. ಖರ್ಚಿನ ಮಟ್ಟಿಗೆ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆಸ್ಪತ್ರೆಗೆ ಹೊರಡುವಾಗ ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಯಲ್ಲಿರಲಿ.

ಹದಿಹರೆಯದ ಚಟ

ಕ್ಯಾನ್ಸರ್ ಮುದುಕರ ಕಾಯಿಲೆ ಎಂದುಕೊಂಡಿರುವ ವಿದ್ಯಾರ್ಥಿಗಳು ಅಮೆರಿಕದ ಒಂದು ಘಟನೆಯನ್ನು ತಿಳಿಯಬೇಕು. ಒಕ್ಲಹೋಮಾ ರಾಜ್ಯದ ಶಾನ್ ಮಾರ್ಸಿ ಶಾಲೆಯ ಒಳ್ಳೆಯ ಓಟಗಾರ, 28 ಪದಕ ಗೆದ್ದವನು. ಸಿಗರೇಟು ಸೇದುತ್ತಿರಲಿಲ್ಲ. ತುಟಿಯ ಸಂದಿಯಲ್ಲಿ ಹಸಿ ನಶ್ಯ ಇಟ್ಟುಕೊಳ್ಳುವ ಅಭ್ಯಾಸ ಮಾತ್ರ 12ನೇ ವಯಸ್ಸಿನಿಂದ ಅಂಟಿತ್ತು. ಹೊಗೆಯಿಲ್ಲವಲ್ಲ, ಅಪಾಯವಿಲ್ಲ ಎಂದೇ ಅವನ ಎಣಿಕೆ. 1983ರಲ್ಲಿ ನಾಲಿಗೆಯ ಮೇಲೆ ಹುಣ್ಣೆದ್ದಿತು. ಒಂದರ ಮೇಲೊಂದು ಶಸ್ತ್ರಕ್ರಿಯೆಯಾದರೂ ಕ್ಯಾನ್ಸರ್ ನಿಲ್ಲಲಿಲ್ಲ. 1984ರ ಫೆಬ್ರುವರಿಯಲ್ಲಿ, 19ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಜಗತ್ತಿನ ಶ್ರೀಮಂತ ದೇಶದ ಆಸ್ಪತ್ರೆಗಳು ಅವನ ಕೈಗೆಟುಕುವಂತಿದ್ದವು. ಇಷ್ಟು ಎಳೆಯ ವಯಸ್ಸಿನಲ್ಲಿ ಹೀಗಾಗುವುದು ಅಪರೂಪ ನಿಜ. ಆದರೆ ಚಟ ಹತ್ತುವ ವಯಸ್ಸು ಮಾತ್ರ ಅಪರೂಪವಲ್ಲ.

ಕಾನೂನೂ ಬಿಗಿಯಾಗಿದೆ. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಶಾಲಾ ಕಾಲೇಜುಗಳ ನೂರು ಮೀಟರಿನೊಳಗೂ ಮಾರುವಂತಿಲ್ಲ. ಮಕ್ಕಳಿಗೆ ತಂಬಾಕು ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಸಜೆಯಾಗಬಹುದು. ‘ಅಂಗಡಿಗೆ ಹೋಗಿ ಒಂದು ಪೊಟ್ಟಣ ತಗೊಂಡು ಬಾರಪ್ಪ’ ಎಂದು ಮಗನನ್ನು ಅಟ್ಟುವ ತಂದೆಯೂ, ‘ಕಡ್ಡಿಪುಡಿ ತಾರೋ’ ಎನ್ನುವ ಅಜ್ಜಿಯೂ ಇದನ್ನು ಯೋಚಿಸಬೇಕು.

ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಅಡಿಕೆಯ ಮಾತು ಆಡುವುದು ಇರುಸುಮುರುಸಿನ ಸಂಗತಿ. ತಂಬಾಕಿಲ್ಲದ ಎಲೆಅಡಿಕೆಯೂ, ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಲಿಯೋನಿನ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಮದುವೆ ಮುಂಜಿಯಲ್ಲಿ ಎಂದೋ ಒಮ್ಮೆ ಹಾಕಿಕೊಳ್ಳುವ ತಾಂಬೂಲ ಬೇರೆ, ದಿನಕ್ಕೆ ಹತ್ತು ಸಲ ಬಾಯಲ್ಲಿ ಇಟ್ಟುಕೊಳ್ಳುವ ಪಾನ್ ಮಸಾಲೆ ಬೇರೆ. ಎಷ್ಟು ಹೊತ್ತು, ಎಷ್ಟು ಸಲ, ಎಷ್ಟು ವರ್ಷ ಎಂಬುದರ ಮೇಲೆ ಅಪಾಯ ಏರುತ್ತದೆ. ಬಿಟ್ಟರೆ ಅಪಾಯ ಇಳಿಯುತ್ತದೆಂಬುದನ್ನೂ ಅದೇ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಬಿಡಲು ಕಷ್ಟವಾದವರಿಗೆ 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ಸಿಗುತ್ತದೆ.

ಕನ್ನಡಿಯ ಮುಂದೆ ಎರಡು ನಿಮಿಷ

ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆ ಸುಲಭ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಬೆಳಕಿರುವ ಕಡೆ ಕನ್ನಡಿಯ ಮುಂದೆ ನಿಲ್ಲಬೇಕು. ತುಟಿಗಳನ್ನು ಮಗುಚಿ ಒಳಭಾಗ ನೋಡಬೇಕು. ಬೆರಳಿನಿಂದ ಕೆನ್ನೆಯನ್ನು ಹೊರಕ್ಕೆಳೆದು ಎರಡೂ ಬದಿ ನೋಡಬೇಕು. ನಾಲಿಗೆಯನ್ನು ಹೊರಚಾಚಿ ಎರಡು ಅಂಚುಗಳನ್ನೂ, ಮೇಲೆತ್ತಿ ಅಡಿಭಾಗವನ್ನೂ ನೋಡಬೇಕು. ತಲೆಯನ್ನು ಹಿಂದಕ್ಕೆ ಬಾಗಿಸಿ ಅಂಗುಳನ್ನು ನೋಡಬೇಕು. ಆಮೇಲೆ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಪಕ್ಕ ಬೆರಳಾಡಿಸಿ ಗಂಟು ಸಿಗುತ್ತದೆಯೇ ಗಮನಿಸಬೇಕು. ಕೊನೆಗೆ ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ನೆಟ್ಟಗೆ ಹಿಡಿದು ಮುಂಭಾಗದ ಹಲ್ಲುಗಳ ನಡುವೆ ಇಟ್ಟು ನೋಡಬೇಕು. ಹಿಡಿಸದಿದ್ದರೆ ಬಾಯಿ ಬಿಗಿಯುತ್ತಿದೆಯೇ ಎಂದು ತೋರಿಸಿಕೊಳ್ಳಬೇಕು.

ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಗಡುಸಾದ ಗಂಟು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಖಾರ ಸೋಕಿದರೆ ಸಹಿಸಲಾಗದ ಉರಿ, ನುಂಗಲು ತೊಂದರೆ, ನಾಲಿಗೆ ಹೊರಳದಿರುವುದು ಇವೆಲ್ಲ ಎಚ್ಚರಿಕೆಯ ಗಂಟೆಗಳು. ಇವೆಲ್ಲವೂ ಕ್ಯಾನ್ಸರ್ ಅಲ್ಲ. ಹೊಟ್ಟೆಯ ತೊಂದರೆ, ನಿದ್ದೆಗೇಡು, ಚೂಪಾದ ಹಲ್ಲು ತಾಗುವುದು ಮುಂತಾದವುಗಳಿಂದ ಆದ ಹುಣ್ಣು ಸಾಮಾನ್ಯವಾಗಿ ಹತ್ತು-ಹದಿನೈದು ದಿನಗಳಲ್ಲಿ ಮಾಯುತ್ತದೆ. ಹದಿನೈದು ದಿನ ದಾಟಿಯೂ ನಿಂತ ಹುಣ್ಣನ್ನು, ನೋವಿರಲಿ ಇಲ್ಲದಿರಲಿ, ವೈದ್ಯರಿಗೆ ತೋರಿಸಬೇಕು. ಪಂಚಾಂಗದಲ್ಲಿ ಒಂದು ಗುರುತು ಹಾಕಿಟ್ಟರೆ ಸಾಕು, ಅಮಾವಾಸ್ಯೆಯಿಂದ ಹುಣ್ಣಿಮೆಗೆ ಲೆಕ್ಕ ಸಿಗುತ್ತದೆ.

ಶಾಲೆಗೆ ಹೋಗುವ ಮಕ್ಕಳು ಇದನ್ನು ಕಲಿತು ಮನೆಯ ಹಿರಿಯರಿಗೆ ತೋರಿಸಿಕೊಡಬಹುದು. ಅಪ್ಪನ ಫೋನಿನಲ್ಲೇ ಟಾರ್ಚಿದೆ. ‘ಅಜ್ಜೀ, ಒಂದ್ಸಲ ಬಾಯಿ ತೆಗಿ ನೋಡೋಣ’ ಎಂದು ಮೊಮ್ಮಗಳು ಕೇಳಿದರೆ ಗದರುವ ಅಜ್ಜಿಯರು ಕಡಿಮೆ. ಲಂಡನ್ನಿನ ದಂತವೈದ್ಯರು ಕುರ್ಚಿಯ ಮೇಲೆ ಕೂರಿಸಿ ಮಾಡುವ ಮೊದಲ ಪರೀಕ್ಷೆಯೂ ಇದೇ. ವಿಮಾನ ಹತ್ತದೆ, ಹೊಲ ಮಾರದೆ, ಮಧುಗಿರಿಯ ಪಡಸಾಲೆಯಲ್ಲೇ ಅದನ್ನು ಮಾಡಿಕೊಳ್ಳಬಹುದು.